ಅತ್ತಿಗೆ ಮನೆಯ ಕಪ್ಪೆಚಿಪ್ಪು

ಗುಬ್ಬಿಯ ಅಮ್ಮನಿಗೆ ಹೊಟ್ಟೆಕಿಚ್ಚಾಗಿದ್ದು ಒಂದು ಕಪ್ಪೆಚಿಪ್ಪಿನ ಮೇಲೆ. ಯಾರ ಮುಂದಾದರೂ ಬಾಯಿಬಿಟ್ಟರೆ ಬಿದ್ದು ಬಿದ್ದು ನಕ್ಕಾರು ಎಂದು ಅವಳು ಅದನ್ನು ಒಳಗೇ ಇಟ್ಟುಕೊಂಡಿದ್ದಳು. ಓರಗಿತ್ತಿಯ ಒಡವೆ ಕಂಡು ಕರುಬುವವರುಂಟು, ನೆರೆಮನೆಯವರ ಹೊಸ ಸೋಫಾ ಕಂಡು ನಿದ್ದೆಗೆಡುವವರುಂಟು. ಕೈಕಾಲಿಲ್ಲದ, ಮೂಗುಮುಖವಿಲ್ಲದ, ಕಲ್ಲಿಗೆ ಅಂಟಿಕೊಂಡು ಕೂತ ಒಂದು ಚಿಪ್ಪನ್ನು ಕಂಡು ಕರುಬಿದವರನ್ನು ಮಾತ್ರ ಅವಳು ಎಲ್ಲೂ ಕೇಳಿರಲಿಲ್ಲ.

ಆ ಚಿಪ್ಪು ಇದ್ದದ್ದು ಮೇಲಿನ ಮಹಡಿಯಲ್ಲಿ, ಅತ್ತಿಗೆಯ ಮನೆಯಲ್ಲಿ. ಅತ್ತಿಗೆ ಎಂದರೆ ಗಂಡನ ಅಕ್ಕ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಮದುವೆಯಾಗಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ, “ಎಲ್ಲರ ಒಳಗೂ ನೋಡಿಬಿಟ್ಟಿದ್ದೀನಿ, ಇನ್ನು ಹೊರಗೆ ನೋಡಿ ಮೆಚ್ಚೋದೇನಿದೆ?” ಎಂದು ಬಾಯಿ ಮುಚ್ಚಿಸುತ್ತಿದ್ದರು. ನಸುಕಿಗೇ ಡ್ಯೂಟಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡುತ್ತಿದ್ದರು. ಹಾಗಾಗಿ ಗುಬ್ಬಿ ಶಾಲೆ ಬಿಟ್ಟ ಮೇಲೆ ಅತ್ತೆಯ ಮನೆಗೆ ಹೋಗುವುದು, ಸಂಜೆ ಅಮ್ಮ ಬಂದು ಕರೆದುಕೊಂಡು ಹೋಗುವುದು ಎಂದು ಮೊದಲಿನಿಂದಲೂ ನಡೆದುಬಂದಿತ್ತು.

ಅಮ್ಮನ ಕೆಲಸ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಉದ್ದವಾದ ಪ್ಯಾಂಟು ಮೋಟು ಮಾಡುವುದು, ಬಿಗಿಯಾದ ಸೊಂಟ ಬಿಡಿಸುವುದು, ಕೈಕೊಟ್ಟ ಜಿಪ್ಪು ಬದಲಿಸುವುದು. ಹಳೇ ಹೊಲಿಗೆ ಬಿಚ್ಚುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಒಂದೊಂದೇ ಎಳೆಯ ಕೆಳಗೆ ಬ್ಲೇಡಿನ ಮೂಲೆ ತೂರಿಸಿ ಟಿಕ್ ಟಿಕ್ ಎಂದು ಕತ್ತರಿಸುತ್ತಾ ಹೋದರೆ ಬಟ್ಟೆ ತಾನಾಗಿ ಎರಡಾಗುತ್ತಿತ್ತು. “ಇವಳು ಬಿಚ್ಚಿದ್ದು ಬಟ್ಟೆಗೇ ಗೊತ್ತಾಗಲ್ಲ” ಎಂದು ಅಂಗಡಿಯ ಯಜಮಾನಿ ಗಿರಾಕಿಗಳ ಮುಂದೆ ಹೊಗಳುತ್ತಿದ್ದರು. ಸಂಜೆ ಬೆರಳ ತುದಿಗಳಲ್ಲಿ ನೂಲಿನ ಚೂರು ಅಂಟಿಸಿಕೊಂಡೇ ಅವಳು ಮೇಲಿನ ಮಹಡಿ ಹತ್ತುತ್ತಿದ್ದಳು.

ಅತ್ತಿಗೆಯ ಹಾಲಿನಲ್ಲಿ ಒಂದು ಗೋಡೆಯಷ್ಟಗಲಕ್ಕೂ ಗಾಜಿನ ತೊಟ್ಟಿ. ಅದರೊಳಗೆ ಸಮುದ್ರ. ನೀಲಿ ದೀಪದ ಕೆಳಗೆ ಹವಳದ ಕಲ್ಲುಗಳು, ಅವುಗಳ ನಡುವೆ ಸುಮ್ಮನೆ ತಿರುಗುವ ನಾಲ್ಕಾರು ಮೀನು, ಹಿಂದಿನ ಕೊಳವೆಯಲ್ಲಿ ನೀರು ಕೆಳಗಿನ ಡಬ್ಬಕ್ಕೆ ಇಳಿಯುವ ಗುಳುಗುಳು. ತೊಟ್ಟಿಯ ಅಂಚಿನ ತುಂಬಾ ಬಿಳಿ ಉಪ್ಪು ಗಟ್ಟಿಕೊಂಡಿರುತ್ತಿತ್ತು. ಮೀನು ನೋಡಲು ಬಂದವರಿಗೆ ಅತ್ತಿಗೆ ಮೀನು ತೋರಿಸುತ್ತಲೇ ಇರಲಿಲ್ಲ. ಅವರ ಜೀವವೆಲ್ಲ ಕಲ್ಲಿನ ಮೇಲೆ ಕೂತ ನಾಲ್ಕು ಕಪ್ಪೆಚಿಪ್ಪುಗಳಲ್ಲಿ. ಚಿಪ್ಪು ಬಾಯಿ ತೆರೆದರೆ ಒಳಗಿನಿಂದ ದಪ್ಪ ತುಟಿಯಂಥ ಮಾಂಸ ಹೊರಗೆ ಚೆಲ್ಲಿಕೊಳ್ಳುತ್ತಿತ್ತು. ಒಂದರದು ನವಿಲಿನ ಕತ್ತಿನ ನೀಲಿ, ಇನ್ನೊಂದರದು ಹಸಿರಿನ ಮೇಲೆ ಕಪ್ಪು ಚುಕ್ಕೆ. ಅಂಚಿನುದ್ದಕ್ಕೂ ನೆರಿಗೆ. ಬಟ್ಟೆಯ ಕೆಲಸದವಳಿಗೆ ಅದು ಚಂದವೇ ಅನ್ನಿಸುತ್ತಿತ್ತು, ಅನ್ನಿಸಬಾರದು ಎಂದುಕೊಂಡರೂ.

ಎಲ್ಲಕ್ಕಿಂತ ಚಿಕ್ಕದು, ಗುಬ್ಬಿಯ ಅಂಗೈಯೊಳಗೆ ಹಿಡಿಯುವಂಥದ್ದು, ಗುಬ್ಬಿಯದೇ. ಅತ್ತಿಗೆ ಅದನ್ನು ತಂದ ದಿನವೇ “ಇದು ನಿಂದು, ನೀನೇ ಹೆಸರಿಡು” ಎಂದಿದ್ದರು. ಗುಬ್ಬಿ ಪುಟಾಣಿ ಎಂದು ಹೆಸರಿಟ್ಟಿದ್ದಳು. ಅಂದಿನಿಂದ ಮನೆಯಲ್ಲಿ ಅನ್ನ ಸಾರಿಗಿಂತ ಹೆಚ್ಚಾಗಿ ಬಡಿಸಿದ್ದು ಪುಟಾಣಿಯ ಸುದ್ದಿ.

“ಅಮ್ಮಾ, ಪುಟಾಣಿಗೆ ಊಟ ಹಾಕೋದೇ ಬೇಡ ಗೊತ್ತಾ? ಅದು ಬೆಳಕು ತಿನ್ನುತ್ತೆ.”

“ಹೌದಾ? ನೀನೂ ಅದನ್ನೇ ಕಲ್ತ್ಕೋ. ನನಗೆ ಒಲೆ ಮುಂದೆ ನಿಲ್ಲೋದು ತಪ್ಪುತ್ತೆ.”

“ತಮಾಷೆ ಅಲ್ಲಮ್ಮಾ. ಅದರ ಮೈಯೊಳಗೆ ಸಣ್ಣ ಸಣ್ಣ ಪಾಚಿ ಇರುತ್ತೆ. ಪಾಚಿ ಬೆಳಕಲ್ಲಿ ಅಡುಗೆ ಮಾಡಿ ಅದಕ್ಕೆ ಬಡಿಸುತ್ತೆ. ಅತ್ತೆ ಹೇಳಿದ್ರು.”

“ಅಡುಗೆಯವರನ್ನ ಹೊಟ್ಟೆಯೊಳಗೇ ಇಟ್ಕೊಂಡಿದೆ ಅನ್ನು” ಎಂದು ಅಪ್ಪ ನಕ್ಕ. ಅವನು ಲಿಫ್ಟ್ ರಿಪೇರಿಯವನು. ಊರಿನ ಲಿಫ್ಟುಗಳನ್ನೆಲ್ಲ ಓಡಿಸಿ ಬಂದು ಮನೆಯಲ್ಲಿ ಅಲ್ಲಾಡದೆ ಕೂರುವುದೇ ಅವನಿಗೆ ಸುಖ. “ನಮ್ಮಕ್ಕನೂ ಹಾಗೆ ಒಬ್ಬರನ್ನ ಇಟ್ಕೊಂಡಿದ್ರೆ ಇಲ್ಲಿಂದ ಡಬ್ಬಿ ಕಳಿಸೋದು ತಪ್ತಿತ್ತು.”

ಅತ್ತೆ ಹೇಳಿದ್ರು. ಅತ್ತೆ ತೋರಿಸಿದ್ರು. ಅತ್ತೆ ಹಾಗೆ ಮಾಡಲ್ಲ. ಊಟದ ಮೇಜಿನ ಮೇಲೆ ಆ ಮಾತುಗಳು ಒಂದರ ಹಿಂದೊಂದು ಬೀಳುವಾಗ ಗುಬ್ಬಿಯ ಅಮ್ಮ ಮಗಳ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಿದ್ದಳು. ಅವಳಿಗೆ ಗೊತ್ತಿದ್ದ ಉತ್ತರ ಅದೊಂದೇ.

ಸಂಜೆ ಮೇಲೆ ಹೋದಾಗಿನದು ಇನ್ನೂ ಕಷ್ಟ. ಅತ್ತಿಗೆ ತಮ್ಮ ಕುರ್ಚಿಯಲ್ಲಿ, ಗುಬ್ಬಿ ಅದರ ಕೈಯ ಮೇಲೆ, ಇಬ್ಬರ ಮೂಗೂ ಗಾಜಿಗೆ ತಾಗುವಷ್ಟು ಹತ್ತಿರ. ಎಕ್ಸ್‌ರೇ ಕೋಣೆಯ ಅಭ್ಯಾಸದಿಂದ ಅತ್ತಿಗೆ ಮೆಲ್ಲಗೆ “ಉಸಿರು ಹಿಡಿ… ಅಲ್ಲಾಡಬೇಡ…” ಎನ್ನುತ್ತಿದ್ದರು. ಗುಬ್ಬಿ ಕೆನ್ನೆ ಉಬ್ಬಿಸಿ ಕೂತಿರುತ್ತಿದ್ದಳು. ಅಮ್ಮ ಬಾಗಿಲಿನಿಂದ ಎರಡು ಹೆಜ್ಜೆ ಒಳಗಿಟ್ಟಳೋ ಇಲ್ಲವೋ, ತೊಟ್ಟಿಯೊಳಗೆ ನಾಲ್ಕೂ ಚಿಪ್ಪು ಫಟ್ಟನೆ ಮೈ ಒಳಗೆಳೆದುಕೊಂಡು ಬಾಯಿ ಮುಚ್ಚುತ್ತಿದ್ದವು.

“ಅಯ್ಯೋ ಅಮ್ಮಾ! ನೀನು ಬಂದ್ರೆ ಮುಚ್ಕೊಂಡ್ಬಿಡ್ತವೆ! ಅಲ್ಲೇ ನಿಂತ್ಕೋಬಾರ್ದಾ?”

“ಬೈಬೇಡ್ವೇ” ಎಂದು ಅತ್ತಿಗೆ ನಗುತ್ತಿದ್ದರು. “ಅವಕ್ಕೆ ಅಂಚಿನ ತುಂಬಾ ಸಾಸಿವೆಗಿಂತ ಸಣ್ಣ ಕಣ್ಣು. ಮುಖ ಗೊತ್ತಾಗಲ್ಲ, ನೆರಳು ಗೊತ್ತಾಗುತ್ತೆ. ನಿಮ್ಮಮ್ಮನ ಬೆನ್ನ ಹಿಂದೆ ಕಿಟಕಿ ಇದೆ ನೋಡು, ಅದಕ್ಕೆ. ಮೀನು ತಿನ್ನೋಕೆ ಬಂತು ಅಂದ್ಕೊಳ್ತವೆ.”

ಹೇಳಿದ್ದು ನಿಜವೇ ಇರಬಹುದು. ಆದರೆ ದಿನವಿಡೀ ಮಗಳ ಮುಖ ನೆನೆಸಿಕೊಂಡು ಸೂಜಿ ಹಿಡಿದು ಬಂದವಳಿಗೆ ತನ್ನ ನೆರಳು ಕಂಡರೂ ಈ ಮನೆಯಲ್ಲಿ ಬಾಗಿಲು ಮುಚ್ಚುತ್ತದೆ ಎಂದೇ ಕೇಳಿಸುತ್ತಿತ್ತು. ಅವಳು ಹೊಸ್ತಿಲ ಹತ್ತಿರ ಚಪ್ಪಲಿ ಕಾಯುವವಳಂತೆ ನಿಲ್ಲುತ್ತಿದ್ದಳು.

ಹೀಗಿರುವಾಗ ಒಂದು ದಿನ ಗುಬ್ಬಿ ತಲೆ ಬಾಚಿಸಿಕೊಳ್ಳುತ್ತಾ, “ಅಮ್ಮಾ, ನಾನು ಇನ್ಮೇಲೆ ಅತ್ತೆ ಮನೇಲೇ ಮಲಗ್ಲಾ?” ಎಂದು ಕೇಳಿದಳು.

ಬಾಚಣಿಗೆ ನಿಂತಿತು. “ಯಾಕೆ?”

“ಬೆಳಿಗ್ಗೆ ತೊಟ್ಟಿ ದೀಪ ಹತ್ಕೊಂಡಾಗ ಪುಟಾಣಿ ಹೇಗೆ ಬಾಯಿ ತೆಗೆಯುತ್ತೆ ನೋಡ್ಬೇಕು. ಅತ್ತೆ ಸಾಮಾನು ಇಡೋ ಕೋಣೆ ಖಾಲಿ ಮಾಡಿ ಕೊಡ್ತಾರಂತೆ. ನಿಮ್ಮಮ್ಮನ್ನ ಕೇಳು ಅಂದ್ರು.”

“ಬೆಳಿಗ್ಗೆ ಅತ್ತೆ ಡ್ಯೂಟಿಗೆ ಹೋಗಿರ್ತಾರೆ. ಜಡೆ ಯಾರು ಹಾಕ್ತಾರೆ?”

“ನೀನೇ. ಮೇಲೆ ಬಂದು.”

ಗಂಡನಿಗೆ ಹೇಳಿದರೆ ಅವನು, “ಒಂದು ಮಹಡಿ ತಾನೇ? ಲಿಫ್ಟು ನಾನೇ ಸರಿಯಾಗಿಟ್ಟಿದ್ದೀನಲ್ಲ” ಎಂದ. ಈ ಮನುಷ್ಯನಿಗೆ ದೂರ ಎಂದರೆ ಹಗ್ಗದ ಉದ್ದ, ಅಷ್ಟೇ. ಅವಳು ಅತ್ತಿಗೆಗೆ “ಯೋಚಿಸಿ ಹೇಳ್ತೀನಿ” ಎಂದು ಸುದ್ದಿ ಕಳಿಸಿದಳು. ಯೋಚಿಸುವುದೇನಿತ್ತು? ಇವತ್ತು ಹಾಸಿಗೆ ಹೋಗುತ್ತದೆ, ನಾಳೆ ಪುಸ್ತಕದ ಚೀಲ ಹೋಗುತ್ತದೆ, ಆಮೇಲೆ ಮಗಳು ಕೆಳಗಿನ ಮನೆಗೆ ನೆಂಟಳಂತೆ ಬಂದು ಊಟ ಮಾಡಿ ಕೈ ತೊಳೆದು ಹೋಗುತ್ತಾಳೆ. ಇಷ್ಟನ್ನೂ ಅವಳು ಒಂದು ಕೋಟಿನ ಅಸ್ತರು ಹೊಲಿದು ಮುಗಿಸುವಷ್ಟರಲ್ಲಿ ಕಣ್ಣಾರೆ ಕಂಡುಬಿಟ್ಟಿದ್ದಳು.

ಅಷ್ಟರಲ್ಲಿ ಆಸ್ಪತ್ರೆಗೆ ಹೊಸ ಯಂತ್ರ ಬಂತು. ಅದನ್ನು ನಡೆಸುವುದು ಕಲಿಯಲು ಅತ್ತಿಗೆ ಒಂದು ವಾರ ಬೇರೆ ಊರಿಗೆ ಹೋಗಬೇಕಾಯಿತು. ಹೊರಡುವ ಮುನ್ನ ಬೀಗದ ಕೈ ಕೊಟ್ಟು ಹೇಳಿದರು: “ಕಷ್ಟ ಏನಿಲ್ಲಮ್ಮಾ. ನೀರು ಆರಿ ಕೆಳಗಿಳಿಯುತ್ತೆ. ಉಪ್ಪು ಆರಲ್ಲ, ನೀರು ಮಾತ್ರ ಆರೋದು. ಅದಕ್ಕೆ ಗುರುತಿನವರೆಗೆ ಸಿಹಿನೀರನ್ನೇ ತುಂಬಿಸು. ಮೀನಿಗೆ ಒಂದು ಚಿಟಿಕೆ ಹಾಕು. ಚಿಪ್ಪಿಗೆ ಏನೂ ಮಾಡಬೇಡ. ಕೈ ಹಾಕಬೇಡ. ಅಷ್ಟೇ.” ಆಮೇಲೆ ಬಾಗಿಲ ಬಳಿ ನಿಂತು, “ಗುಬ್ಬಿ ಕೋಣೆ ವಿಚಾರ ಬಂದ ಮೇಲೆ ಮಾತಾಡೋಣ” ಎಂದರು.

ಗುಬ್ಬಿ ಕೋಣೆ. ಹೆಸರೂ ಇಟ್ಟಾಗಿತ್ತು.

ಆ ವಾರ ಅವಳು ಅಂಗಡಿಯ ಯಜಮಾನಿಯನ್ನು ಕೇಳಿಕೊಂಡು ಮಧ್ಯಾಹ್ನವೇ ಮನೆಗೆ ಬಂದಳು. ಅರ್ಧಂಬರ್ಧ ಕೆಲಸ ಚೀಲದಲ್ಲಿ ತುಂಬಿಕೊಂಡು ಬಂದು ಅತ್ತಿಗೆಯ ಹಾಲಿನಲ್ಲೇ ಕೂತು ಹೊಲಿದಳು. ಗುಬ್ಬಿ ಶಾಲೆಯಿಂದ ಬಂದರೆ ಅಮ್ಮ! ಇಬ್ಬರೂ ಸೇರಿ ಗಾಜು ಒರೆಸಿದರು, ನೀರು ತುಂಬಿಸಿದರು, ಅಂಚಿನ ಉಪ್ಪು ಕೆರೆದರು. ಮೀನು ಅಮ್ಮನ ಬೆರಳಿನ ನೂಲಿನ ಚೂರನ್ನು ಆಹಾರವೆಂದು ಗಾಜಿನ ಆಚೆಯಿಂದ ಹಿಂಬಾಲಿಸಿದಾಗ ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ತನ್ನ ಪಾಲಿಗೆ ಬಂದು! ಇನ್ನೇನು ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಅತ್ತಿಗೆಯ ಫೋನು ಬರುತ್ತಿತ್ತು. ಗುಬ್ಬಿ ಫೋನು ಕಿತ್ತುಕೊಂಡು ಕಿಟಕಿಯ ಹತ್ತಿರ ಓಡುತ್ತಿದ್ದಳು. “ಅತ್ತೇ, ಇವತ್ತು ಪುಟಾಣಿ… ಹೂಂ… ಹೂಂ… ಇಲ್ಲ, ಅಮ್ಮನಿಗೆ ಗೊತ್ತಾಗಲ್ಲ… ನೀವು ಯಾವಾಗ ಬರ್ತೀರಿ?” ಆಮೇಲೆ ಸಂಜೆಯೆಲ್ಲ “ಅತ್ತೆ ಇದ್ದಿದ್ರೆ” ಎಂಬ ರಾಗ.

ಅಮ್ಮನಿಗೆ ಗೊತ್ತಾಗಲ್ಲ. ಆ ಒಂದು ಮಾತು ಅವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿಯಿತು.

ಗಂಡ ಯಾವುದೋ ಕಟ್ಟಡದವರು ಎಸೆಯಲು ಇಟ್ಟಿದ್ದ ಪುಟ್ಟ ಗಾಜಿನ ತೊಟ್ಟಿಯೊಂದನ್ನು ತಂದು ಬಚ್ಚಲಲ್ಲಿ ಇಟ್ಟಿದ್ದ. ಮಾರನೇ ದಿನ ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಅವಳ ಕಣ್ಣು ಅದರ ಮೇಲೆ ಬಿತ್ತು. ತೊಳೆದು ಹೊಲಿಗೆಯ ಮೇಜಿನ ಮೇಲಿಟ್ಟಳು. ಪುಟಾಣಿ ಗುಬ್ಬಿಯದು ತಾನೇ? ಗುಬ್ಬಿಯ ವಸ್ತು ಗುಬ್ಬಿಯ ಮನೆಯಲ್ಲಿದ್ದರೆ ಯಾರು ಬೇಡ ಅಂದಾರು? ಬೆಳಿಗ್ಗೆ ಬಾಯಿ ತೆಗೆಯುವುದನ್ನು ನೋಡಲು ಮಹಡಿ ಹತ್ತಬೇಕಾಗಿಲ್ಲ. ಕೋಣೆ ಬೇಕಾಗಿಲ್ಲ. ಅತ್ತಿಗೆ ತೊಟ್ಟಿಯ ನೀರು ಬದಲಾಯಿಸುವುದಕ್ಕೆಂದು ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರನ್ನು ಬಕೆಟ್ಟಿನಲ್ಲಿ ತಂದು ತುಂಬಿಸಿದಳು. ಕಣ್ಣಿಗೆ ಬೆಳಕು ಬೇಕಾದಾಗ ಹಚ್ಚುವ ಮೇಜಿನ ದೀಪವನ್ನು ಮೇಲೆ ಬಾಗಿಸಿದಳು. ಎಲ್ಲವನ್ನೂ ಅವಳು ಅಚ್ಚುಕಟ್ಟಾಗಿಯೇ ಮಾಡಿದಳು.

ಮೇಲೆ ಹೋಗಿ ತೋಳು ಮಡಚಿ ತೊಟ್ಟಿಯೊಳಗೆ ಕೈ ಇಳಿಸಿದಳು. ಪುಟಾಣಿ ಫಟ್ಟನೆ ಮುಚ್ಚಿಕೊಂಡಿತು. “ಮುಚ್ಕೋ, ಮುಚ್ಕೋ” ಎಂದಳು ಹಲ್ಲು ಕಚ್ಚಿ. ಎತ್ತಿದರೆ ಬರಲಿಲ್ಲ. ಚಿಪ್ಪಿನ ಬುಡದಿಂದ ಕೂದಲಿನಂಥ ಎಳೆಗಳು ಹೊರಟು ಕಲ್ಲನ್ನು ಹಿಡಿದಿದ್ದವು. ಬೆರಳಿಗೆ ಅವು ತಾಗಿದವು. ಏನೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಎಳೆ ಎಂದರೆ ಏನು, ಬಿಗಿ ಎಂದರೆ ಏನು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಬ್ಲೇಡು ಅಲ್ಲೇ ಹೊಲಿಗೆಯ ಚೀಲದಲ್ಲಿ, ಕೈಗೆಟುಕುವಷ್ಟು ದೂರದಲ್ಲಿ ಇತ್ತು. ಆದರೆ ಆ ಚಿಪ್ಪು ಕಲ್ಲನ್ನು ಅಪ್ಪಿ ಕೂತ ರೀತಿಗೆ, ಅತ್ತೆಯ ಕುರ್ಚಿಯ ಕೈಯ ಮೇಲೆ ಕೂತ ಮಗಳೇ ಕಣ್ಣಿಗೆ ಬಂದಳು. ಅವಳು ಹಿಡಿದು ಎಳೆದಳು. ಹಿಂದಕ್ಕೂ ಮುಂದಕ್ಕೂ ತಿರುಚಿ ಇನ್ನೊಮ್ಮೆ ಎಳೆದಳು. ಕಿತ್ತು ಬಂತು. ಕಲ್ಲಿನ ಮೇಲೆ ಎಳೆಗಳ ಗೊಂಚಲೂ, ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿಯ ಮಾಂಸದ ಚೂರೂ ಉಳಿದವು. ಒಂದು ಮೀನು ಬಂದು ಅದನ್ನು ನುಂಗಿ ಹೋಯಿತು.

ಮಧ್ಯಾಹ್ನ ಗುಬ್ಬಿ ಬಂದು ಮೇಜಿನ ಮೇಲೆ ಕಂಡಿದ್ದೇ ತಡ, ಚೀಲ ಎಸೆದು ಕಿರುಚಿದಳು. “ಪುಟಾಣಿ! ನಮ್ಮನೇಲಿ!” ಓಡಿ ಬಂದು ಅಮ್ಮನ ಸೊಂಟ ತಬ್ಬಿಕೊಂಡಳು. “ಅಮ್ಮಾ, ನೀನೇ ಮಾಡಿದ್ಯಾ? ಒಬ್ಳೇ?”

“ಮತ್ತೆ? ಅಮ್ಮನಿಗೆ ಏನೂ ಗೊತ್ತಾಗಲ್ಲ ಅಂದ್ಕೊಂಡಿದ್ಯಾ?”

ಆ ಸಂಜೆ ಅಪ್ಪನಿಗೆ ಮೇಜಿನ ಹತ್ತಿರ ಬರಲು ಅಪ್ಪಣೆಯಿರಲಿಲ್ಲ. ತಾಯಿ ಮಗಳು ಒಂದೇ ಸ್ಟೂಲಿನ ಮೇಲೆ ಒತ್ತಿಕೊಂಡು ಕೂತು, ಉಸಿರು ಹಿಡಿದು, ಪುಟಾಣಿ ಬಾಯಿ ತೆರೆಯುವುದನ್ನು ಕಾದರು. ಅದು ತೆರೆಯಲಿಲ್ಲ. “ಹೊಸ ಜಾಗ ಅಲ್ವಾ, ನಾಚಿಕೆ” ಎಂದಳು ಅಮ್ಮ. ಗುಬ್ಬಿ ಗಾಜಿನ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು, “ಹೊರಗೆ ಬಾರೋ” ಎಂದಳು. ಅತ್ತಿಗೆಯ ಫೋನು ಬಂದಾಗ, “ಆಮೇಲೆ ಮಾತಾಡ್ತೀನಿ ಅಂತ ಹೇಳಮ್ಮಾ” ಎಂದಳು ಗುಬ್ಬಿ, ತೊಟ್ಟಿಯಿಂದ ಕಣ್ಣು ತೆಗೆಯದೆ. ಗುಬ್ಬಿಯ ಅಮ್ಮ ಅದನ್ನು ಅತ್ತಿಗೆಗೆ ಹೇಳಿದಳು. ಹೇಳುವಾಗ ನಾಲಿಗೆಯ ಮೇಲೆ ಸಕ್ಕರೆ ಇಟ್ಟಂತಿತ್ತು.

ಬೆಳಿಗ್ಗೆ ಪುಟಾಣಿ ಬಾಯಿ ತೆರೆದಿತ್ತು. ಹೊಲಿಗೆಯ ದೀಪ ಹಚ್ಚಿ ನೋಡಿದ ಅಮ್ಮನಿಗೆ ಮೊದಲು ಸಂತೋಷವೇ ಆಯಿತು. ಇಷ್ಟಗಲ ತೆರೆದಿತ್ತು! ಆದರೆ ನೆರಿಗೆ ಹೊರಗೆ ಚೆಲ್ಲಿರಲಿಲ್ಲ. ಒಳಗೆ ಸೊರಗಿ ಬಿದ್ದಿತ್ತು. ಅವಳ ನೆರಳು ಮೇಲೆ ಬಿದ್ದರೂ ಅದು ಮುಚ್ಚಲಿಲ್ಲ. ಮೊಟ್ಟಮೊದಲ ಬಾರಿಗೆ ಒಂದು ಚಿಪ್ಪು ಅವಳ ಎದುರು ಬಾಯಿ ತೆರೆದೇ ಇತ್ತು.

ಗುಬ್ಬಿ ಹಿಂದಿನಿಂದ ಬಂದು ನೋಡಿದಳು. “ಹೀಗೆ ಬಾಯಿ ಬಿಟ್ಕೊಂಡಿದ್ರೆ ಹುಷಾರಿಲ್ಲ ಅಂತ ಅರ್ಥ” ಎಂದಳು ಮೆಲ್ಲಗೆ. ಅತ್ತೆ ಹೇಳಿದ್ರು ಎಂದು ಸೇರಿಸಲಿಲ್ಲ. “ಅಮ್ಮಾ, ಇದನ್ನ ಕಲ್ಲಿಂದ ಹೇಗೆ ತೆಗೆದೆ?”

“ತಾನಾಗೇ ಬಂತು.”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಗುಬ್ಬಿ ಬಾಗಿ ಚಿಪ್ಪನ್ನು ನೋಡಿದಳು. “ನಾನು ನಿನ್ನೆ ಗಾಜು ಬಡಿದೆ. ಬಡೀಬಾರ್ದು ಅಂತ ಗೊತ್ತಿತ್ತು. ಆದ್ರೂ ಬಡಿದೆ. ಅದಕ್ಕೇ ಹೀಗಾಯ್ತು.”

“ಇಲ್ಲ ಚಿನ್ನ, ಅದಕ್ಕಲ್ಲ…”

“ಮತ್ಯಾಕೆ?”

ಗುಬ್ಬಿಯ ಅಮ್ಮ ಮಗಳ ಮುಖ ನೋಡಿದಳು. ಇಷ್ಟು ಸಣ್ಣ ಮುಖದ ಮೇಲೆ ಇಷ್ಟು ದೊಡ್ಡ ತಪ್ಪನ್ನು ಹೊರಿಸಿ ಶಾಲೆಗೆ ಕಳಿಸಲು ಅವಳಿಂದಾಗಲಿಲ್ಲ. “ನಾನು ಕಿತ್ತೆ” ಎಂದಳು. “ಅದು ಕಲ್ಲನ್ನ ಹಿಡ್ಕೊಂಡಿತ್ತು. ಬಿಡಿಸಬಹುದಿತ್ತು. ಬಿಡಿಸಲಿಲ್ಲ. ಎಳೆದು ಕಿತ್ತುಬಿಟ್ಟೆ.”

ಮಗಳು ಬೈಯುತ್ತಾಳೆ, ಅಳುತ್ತಾಳೆ, ಕಾಲು ನೆಲಕ್ಕೆ ಬಡಿಯುತ್ತಾಳೆ ಎಂದು ಅವಳು ಕಾದಳು. ಗುಬ್ಬಿ ಹಾಗೇನೂ ಮಾಡಲಿಲ್ಲ. ಬಾಗಿಲ ಕಡೆ ನೋಡಿ, ಅಪ್ಪ ಸ್ನಾನಕ್ಕೆ ಹೋಗಿದ್ದಾನೆಂದು ಖಾತ್ರಿ ಮಾಡಿಕೊಂಡು, ಹತ್ತಿರ ಬಂದು ಪಿಸುಗುಟ್ಟಿದಳು.

“ಅತ್ತೆಗೆ ಹೇಳ್ಬೇಡ. ನಾನೇ ಕಿತ್ತೆ ಅಂತೀನಿ. ನನಗಾದ್ರೆ ಅತ್ತೆ ಬೈಯಲ್ಲ. ನಿನಗೆ ಬೈತಾರೆ.”

ಗುಬ್ಬಿಯ ಅಮ್ಮ ಸ್ಟೂಲಿನ ಮೇಲೆ ಕೂತಳು. ಇದನ್ನೇ ಅಲ್ಲವೇ ಅವಳು ಇಷ್ಟು ದಿನ ಬೇಡಿಕೊಂಡಿದ್ದು? ಮಗಳು ತನ್ನ ಕಡೆಗಿರಲಿ, ಅತ್ತೆಗೆ ಗೊತ್ತಿಲ್ಲದ ಗುಟ್ಟೊಂದು ತಾಯಿ ಮಗಳ ನಡುವೆ ಇರಲಿ ಎಂದು. ಇದೋ, ಕೈಗೆ ಬಂದಿತ್ತು. ಹೂಂ ಎಂದರೆ ಸಾಕು. ಗುಬ್ಬಿ ಮೇಲೆ ಹೋಗಿ ಅತ್ತೆಯ ಕುರ್ಚಿಯ ಕೈಯ ಮೇಲೆ ಕೂತು, ಅವರ ಮುಖ ನೋಡಿಕೊಂಡು ಸುಳ್ಳು ಹೇಳುತ್ತಾಳೆ. ಅಲ್ಲಿಂದ ಮುಂದೆ ಪ್ರತಿದಿನ ಆ ಸುಳ್ಳಿನ ಪಕ್ಕದಲ್ಲೇ ಕೂರಬೇಕು. ಯಾರೂ ಹೇಳದೆಯೇ ಆ ಕುರ್ಚಿಯಿಂದ ತಾನಾಗಿ ದೂರವಾಗುತ್ತಾಳೆ. ಕೋಣೆಯನ್ನು ಮತ್ತೆ ಕೇಳುವುದೂ ಇಲ್ಲ.

ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಸೆಯಾಯಿತು. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಚೆನ್ನಾಗಿಯೇ ಆಯಿತು. ಆಮೇಲೆ ಮಗಳ ಕೈಯನ್ನು ನೋಡಿದಳು. ಸುಳ್ಳು ಹೇಳಲು ತಯಾರಾದ ಕೈ ಅಂಗಿಯ ಗುಂಡಿಯನ್ನು ತಿರುಗಿಸಿ ತಿರುಗಿಸಿ ಕಿತ್ತು ಬರುವಂತೆ ಮಾಡಿತ್ತು. ಅವಳು ಫೋನು ತೆಗೆದುಕೊಂಡಳು.

“ಬೇಡಮ್ಮಾ!”

“ಸುಮ್ನಿರು. ಕೂತ್ಕೋ ಇಲ್ಲಿ.”

ಅತ್ತಿಗೆ ಎತ್ತಿದರು. “ಏನಮ್ಮಾ, ಬೆಳ್ಳಂಬೆಳಿಗ್ಗೆ? ಗುಬ್ಬಿ ಹುಷಾರಾಗಿದ್ದಾಳಾ?”

“ಗುಬ್ಬಿ ಹುಷಾರಾಗಿದ್ದಾಳೆ. ಅತ್ತಿಗೆ, ನಾನು ಪುಟಾಣೀನ ಕಲ್ಲಿಂದ ಕಿತ್ತೆ. ಕೆಳಗೆ ತಂದಿಟ್ಕೊಂಡೆ. ಈಗ ಬಾಯಿ ಬಿಟ್ಕೊಂಡಿದೆ.”

“ಬುಡದಲ್ಲಿ ಎಳೆ ಇತ್ತಲ್ಲ, ಕತ್ತರಿಸಿದ್ಯಾ?”

“ಇಲ್ಲ. ಎಳೆದೆ.”

“ಎಳೆದೆ” ಎಂದರು ಅತ್ತಿಗೆ. “ಅಂಗಡೀಲಿ ಗಿರಾಕಿ ಬಟ್ಟೆ ಹೊಲಿಗೆ ಹೀಗೇ ಎಳೆದು ಕೀಳ್ತೀಯಾ? ಒಂದು ಮಾತು ಹೇಳಿ ಹೋಗಿದ್ನಲ್ಲ, ಕೈ ಹಾಕಬೇಡ ಅಂತ! ಒಂದೇ ಒಂದು! ಏನು ಬೇಕಾಗಿತ್ತು ನಿನಗೆ?”

“ಗುಬ್ಬಿ ಬೇಕಾಗಿತ್ತು” ಎಂದಳು ಅವಳು.

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಪಕ್ಕದಲ್ಲಿ ಗುಬ್ಬಿ ಕಣ್ಣು ಅರಳಿಸಿ ಕೂತಿದ್ದಳು. ಫೋನಿನಲ್ಲಿ ಅತ್ತಿಗೆಯ ಉಸಿರು ಮಾತ್ರ ಕೇಳುತ್ತಿತ್ತು, ಹಿಡಿದು ಬಿಟ್ಟ ಉಸಿರು.

“ನಿನಗೇನು ಕಡಿಮೆಯಾಗಿದೆ ಅಂತ?” ಎಂದರು ಕೊನೆಗೆ, ಒರಟಾಗಿ. “ನಿನ್ನ ಚಪ್ಪಲಿ ಸದ್ದು ಮೆಟ್ಟಿಲಲ್ಲಿ ಕೇಳಿದ್ರೆ ಸಾಕು, ನಾನು ಅರ್ಧ ಹೇಳಿದ್ದು ಅರ್ಧಕ್ಕೇ ನಿಲ್ಲುತ್ತೆ. ‘ಅಮ್ಮ ಬಂದ್ಲು’ ಅಂತ ಗುಬ್ಬಿಗೆ ಬಾಗಿಲ ಕಡೆ ಕಣ್ಣು. ಆಮೇಲೆ ನಿನ್ನ ಎದುರು ದೊಡ್ಡವಳ ಹಾಗೆ ಅಲ್ಲಿ ನಿಂತ್ಕೋ, ಇಲ್ಲಿ ನಿಂತ್ಕೋ ಅಂತಾಳೆ. ನೀನು ಕರ್ಕೊಂಡು ಹೋದ ಮೇಲೆ ನಾನು ನಾಲ್ಕು ಚಿಪ್ಪಿನ ಮುಂದೆ ಕೂತಿರ್ತೀನಿ. ನನಗೆ ಆಗಲ್ವಾ ಹೊಟ್ಟೆಕಿಚ್ಚು?”

ಗುಬ್ಬಿಯ ಅಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

“ಸರಿ, ಅದು ಹಾಗಿರ್ಲಿ. ಈಗ ಕೇಳು. ಮೇಲೆ ತಗೊಂಡು ಹೋಗು. ಅಗಲವಾದ ಬಟ್ಟಲಲ್ಲಿ ಮರಳು ಹಾಕಿ, ತೊಟ್ಟಿ ತಳದಲ್ಲಿ, ನೀರು ಜೋರಾಗಿ ಓಡದ ಮೂಲೇಲಿ ಇಡು. ಮೀನು ಕುಕ್ಕದ ಹಾಗೆ ಮೇಲೆ ಒಂದು ಜಾಲರಿ ಮುಚ್ಚು. ಆಮೇಲೆ ಕೈ ತೆಗೆ. ಉಳಿದದ್ದು ಅದರ ಹಣೆಬರಹ.”

“ಅತ್ತಿಗೆ…”

“ಇನ್ನೇನು?”

“ನೀವು ಬೇಗ ಬನ್ನಿ.”

“ಯಂತ್ರ ಕಲೀದೆ ಬಂದ್ರೆ ಕೆಲಸದಿಂದ ತೆಗೀತಾರೆ” ಎಂದು ಫೋನು ಇಟ್ಟರು.

ತಾಯಿ ಮಗಳು ಪುಟಾಣಿಯನ್ನು ಬಟ್ಟಲಲ್ಲಿಟ್ಟುಕೊಂಡು, ಬಟ್ಟಲನ್ನು ಬಕೆಟ್ಟಿನಲ್ಲಿಟ್ಟುಕೊಂಡು, ಒಂದು ಹನಿ ಚೆಲ್ಲದಂತೆ ಮೆಟ್ಟಿಲು ಹತ್ತಿದರು. ಗುಬ್ಬಿ ಅವತ್ತು ಅಮ್ಮನ ಜೊತೆ ಹೆಚ್ಚು ಮಾತಾಡಲಿಲ್ಲ. ಮಾರನೇ ದಿನವೂ ಇಲ್ಲ. ಜಡೆ ಹಾಕಿಸಿಕೊಳ್ಳುವಾಗ ತಲೆಯನ್ನು ಗಟ್ಟಿಯಾಗಿ ಹಿಡಿದು ಕೂತಳು. ಸುಳ್ಳಿನ ಗುಟ್ಟೊಂದು ಇದ್ದಿದ್ದರೆ ಈಗ ತನ್ನ ತೊಡೆಯ ಮೇಲೆ ಮಲಗಿರುತ್ತಿದ್ದಳು ಎಂದು ಅಮ್ಮನಿಗೆ ಅನ್ನಿಸದಿರಲಿಲ್ಲ. ಅವಳು ಗುಂಡಿ ಹೊಲಿದ ಅಂಗಿಯನ್ನು ಮಡಚಿ ಮಗಳ ಹಾಸಿಗೆಯ ಮೇಲಿಟ್ಟು ಒಲೆಯ ಕಡೆ ಹೋದಳು.

ಪುಟಾಣಿ ಸಾಯಲಿಲ್ಲ. ಪೂರ್ತಿ ಗುಣವಾಯಿತು ಎಂದೂ ಹೇಳುವಂತಿರಲಿಲ್ಲ. ಅತ್ತಿಗೆ ಬರುವ ಹೊತ್ತಿಗೆ ಬಾಯಿ ಅರ್ಧ ಮುಚ್ಚಿತ್ತು. ಆಮೇಲೆ ಒಂದು ಕಡೆಯ ನೆರಿಗೆ ಮಾತ್ರ ಹೊರಗೆ ಬಂತು. ಇನ್ನೊಂದು ಕಡೆಯದು ಒಳಗೇ ಉಳಿಯಿತು. ಅತ್ತಿಗೆ ಚೀಲ ಕೆಳಗಿಡದೆಯೇ ತೊಟ್ಟಿಯ ಮುಂದೆ ಮಂಡಿಯೂರಿ ನೋಡಿದರು. ಬೈಯಲಿಲ್ಲ. ಬೈಯುವುದನ್ನೆಲ್ಲ ಫೋನಿನಲ್ಲೇ ಮುಗಿಸಿದ್ದರು. ಇಬ್ಬರಿಗೂ ಮುಖ ಕೊಟ್ಟು ಮಾತಾಡಲು ಸ್ವಲ್ಪ ನಾಚಿಕೆಯಾಗುತ್ತಿತ್ತು, ಅಷ್ಟೇ. ಅಡುಗೆಮನೆಯಲ್ಲಿ ಒಬ್ಬರ ಲೋಟ ಒಬ್ಬರು ಎರಡೆರಡು ಸಲ ತೊಳೆದರು.

ಕೋಣೆಯ ಮಾತನ್ನು ಗುಬ್ಬಿಯ ಅಮ್ಮನೇ ಎತ್ತಿದಳು. ಲೋಟ ಒರೆಸುತ್ತಾ, ಕಿಟಕಿಯ ಕಡೆ ನೋಡುತ್ತಾ.

“ಶುಕ್ರವಾರ, ಶನಿವಾರ ರಾತ್ರಿ. ಮರುದಿನ ಶಾಲೆ ಇರಲ್ಲ, ನಿಮಗೂ ರಜೆ. ಬೆಳಿಗ್ಗೆ ಜಡೆ ಹಾಕೋಕೆ ನಾನು ಬರ್ತೀನಿ.”

“ಭಾನುವಾರ?”

“ಅತ್ತಿಗೆ!”

“ಸರಿ ಮಾರಾಯ್ತಿ, ಕೇಳಿದೆ ಅಷ್ಟೇ.”

ಹಾಸಿಗೆಯನ್ನು ಮೇಲಿನ ಮಹಡಿಗೆ ಸಾಗಿಸುವ ದಿನ ಅದು ಲಿಫ್ಟಿನೊಳಗೆ ಹಿಡಿಸಲಿಲ್ಲ. “ಮನುಷ್ಯರಿಗೆ ಮಾಡಿದ ಲಿಫ್ಟು, ಹಾಸಿಗೆಗಲ್ಲ” ಎಂದು ಗಂಡ ಲಿಫ್ಟಿನ ಮಾನ ಉಳಿಸಿ, ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಮಾಯವಾದ. ನಾದಿನಿ ಅತ್ತಿಗೆಯರಿಬ್ಬರೇ ಎರಡು ತುದಿ ಹಿಡಿದರು. ಅತ್ತಿಗೆ ಮೇಲೆ, ಗುಬ್ಬಿಯ ಅಮ್ಮ ಕೆಳಗೆ. ಮೆಟ್ಟಿಲು ತಿರುಗುವಲ್ಲಿ ಹಾಸಿಗೆ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಹಾಕಿಕೊಂಡಿತು.

“ಓರೆ ಮಾಡು, ಓರೆ ಮಾಡು.”

“ಮಾಡಿದ್ದೀನಿ. ನೀವೇ ನೆಟ್ಟಗೆ ಹಿಡ್ಕೊಂಡಿದ್ದೀರಿ.”

“ನನ್ನ ಕಡೆ ಸರಿಯಾಗೇ ಇದೆ. ಭಾರ ಎಲ್ಲಾ ನನ್ನ ಮೇಲೇ ಬಿಟ್ಟಿದ್ದೀಯ.”

“ಅಯ್ಯೋ, ಕೆಳಗಿರೋಳು ನಾನು. ಭಾರ ನಿಮಗೆಲ್ಲಿಂದ ಬಂತು?”

ಅತ್ತಿಗೆ ಹಾಸಿಗೆಯ ಮೇಲಿಂದ ಇಣುಕಿ ಏನೋ ಹೇಳಲು ಹೊರಟವರು ನಕ್ಕುಬಿಟ್ಟರು. ಗುಬ್ಬಿಯ ಅಮ್ಮನಿಗೂ ನಗು ಬಂತು. ನಕ್ಕರೆ ಕೈ ಸಡಿಲವಾಗುತ್ತದೆಂದು ತುಟಿ ಕಚ್ಚಿದಳು. ಮೇಲಿನ ಮಹಡಿಯಲ್ಲಿ ದಿಂಬು ಹಿಡಿದು ನಿಂತಿದ್ದ ಗುಬ್ಬಿ, “ನಾನು ಬರ್ತೀನಿ, ನಾನು ಹಿಡೀತೀನಿ!” ಎಂದು ಕೂಗಿ ದಡದಡನೆ ಇಳಿದು ಬಂದಳು.

ಇಬ್ಬರೂ ನಗು ನಿಲ್ಲಿಸಿದರು. ಯಾವ ಕಡೆ ಹಿಡಿಯುತ್ತಾಳೋ ಎಂದು ಅತ್ತಿಗೆ ಮೇಲಿನಿಂದ ನೋಡಿದರು, ಅಮ್ಮ ಕೆಳಗಿನಿಂದ ನೋಡಿದಳು. ಒಬ್ಬರು ನೋಡುವುದು ಇನ್ನೊಬ್ಬರಿಗೆ ಕಂಡಿತು. ಯಾರೂ ಕಣ್ಣು ತೆಗೆಯಲಿಲ್ಲ.

ಗುಬ್ಬಿ ಮೇಲೆ ನೋಡಿದಳು, ಕೆಳಗೆ ನೋಡಿದಳು. ದಿಂಬನ್ನು ಹಾಸಿಗೆಯ ನಡುವೆ ಎಸೆದು, ಕಂಬಿ ಹಿಡಿದು ಹತ್ತಿ, ಅದರ ಮೇಲೆಯೇ ಕಾಲು ಮಡಚಿ ಕೂತಳು.

“ಹೂಂ, ಎತ್ತಿ” ಎಂದಳು.